ಕೊಟ್ರಮ್ಮ, ಗಂಡನ ಹೆಸರು ಹಾಲಪ್ಪ

ಎಣಿಕೆ ಮುಗಿದ ನಾಲ್ಕನೇ ದಿನ
ನನ್ನ ಫೋನಿಗೂ ಬಂತು ಆ ಪಟ.
ಕೆಂಪು ಸುತ್ತು ಹಾಕಿದ ಒಂದು ಹೆಸರು,
ಕೆಳಗೆ ಮೂರು ಬೆಂಕಿ ಗುರುತು:
ಸತ್ತವಳು ಮತ ಹಾಕಿದ್ದಾಳೆ, ಹದಿನೈದು ಜನಕ್ಕೆ ಕಳಿಸಿ.
ಕಳಿಸಿದವನು ನಮ್ಮ ಓಣಿಯ ಹಾಲಿನ ಪರಮೇಶಿ.
ನನಗೇ ಕಳಿಸಿದ್ದಾನೆ,
ಆ ಪಟ್ಟಿ ಹಿಡಿದು ಎರಡು ಬೇಸಿಗೆ
ಚಪ್ಪಲಿ ಸವೆಸಿದವಳಿಗೆ.

ಬೆಳಿಗ್ಗೆ ಅಂಗನವಾಡಿಯ ಮೊಟ್ಟೆ ಎಣಿಸಿ
ಮಧ್ಯಾಹ್ನ ಮತದಾರರನ್ನು ಎಣಿಸುವವಳು ನಾನು.
ಎರಡರಲ್ಲೂ ಒಂದು ಕಡಿಮೆ ಬಿದ್ದರೆ ನೋಟಿಸು.

ಪಟದ ಹಿಂದೆಯೇ ಇನ್ನೊಂದು:
ಒಂದೇ ಮನೆ, ನಲವತ್ತೊಂದು ಮತ! ಮನೆಯೋ ಸಂತೆಯೋ?
ಅಯ್ಯಾ, ಅದು ದಾದಾಪೀರ್ ಸಾಹೇಬರ
ಮಂಡಕ್ಕಿ ಭಟ್ಟಿಯ ಹಿಂದಿನ ವಠಾರ.
ಹನ್ನೊಂದು ಬಾಗಿಲು, ಒಂದು ನಲ್ಲಿ,
ಕಂದಾಯಕ್ಕೆ ಒಂದೇ ನಂಬರು.
ನಲವತ್ತೊಂದು ಜನರ ಮುಖವೂ ಗೊತ್ತು ನನಗೆ:
ಮರಳು ಕಾಯಿಸುವವರು, ಜರಡಿ ಹಿಡಿಯುವವರು,
ಕಾವಿಗೆ ಗೆರೆ ಅಳಿಸಿಹೋಗಿ
ರೇಷನ್ ಅಂಗಡಿಯ ಯಂತ್ರ ಒಪ್ಪದ ಬೆರಳಿನವರು.
ಶಾಯಿಯೊಂದು ತಕರಾರಿಲ್ಲದೆ ಒಪ್ಪಿತ್ತು.

ಅಲ್ಲಿ ನಿಂತರೆ ಕಾಣುತ್ತದೆ,
ಕಾದ ಮರಳಿಗೆ ಬೊಗಸೆ ಅಕ್ಕಿ ಬಿದ್ದದ್ದೇ ತಡ
ಬಾಣಲೆ ತುಂಬ ಬಿಳಿ ಅರಳುತ್ತದೆ.
ತೂಕ ಅಷ್ಟೇ. ಚೀಲ ದೊಡ್ಡದು.
ಗಾಳಿಗೆ ಹಾರಿ ಪಿ.ಬಿ. ರಸ್ತೆ ದಾಟಿದ್ದನ್ನು
ಒಂದೊಂದೇ ಹೆಕ್ಕಿ ತರಲು
ಯಾರಿಗಿದೆ ಅಷ್ಟು ಸೊಂಟ?

ಸಂಜೆ ನಾಗವೇಣಿ ಬಂದಳು.
ಹೋದ ಆಷಾಢದಲ್ಲಿ ಮರಣಪತ್ರ ತಂದುಕೊಟ್ಟವಳು,
ಹೆಸರು ತೆಗೆಯುವ ಫಾರಮ್ಮಿಗೆ ಸಹಿ ಮಾಡುತ್ತಾ
‘ಇಷ್ಟು ಬೇಗ ತೆಗೀಬೇಕಾ ಟೀಚರ್’ ಅಂದವಳು.
ಹೊಸ್ತಿಲಲ್ಲೇ ನಿಂತು ಕೇಳಿದಳು:
‘ಅವ್ವ ಬಂದಿದ್ಲಂತೆ. ಬೂತಿಗೆ.’
ಸುಳ್ಳೆಂದು ಅವಳಿಗೂ ಗೊತ್ತು.
ಕೊಳ್ಳಿ ಇಟ್ಟ ತಮ್ಮನ ಪಕ್ಕ ನಿಂತವಳು ಅವಳು.
ಆದರೂ, ದನಿ ತಗ್ಗಿಸಿ,
‘ಯಾವ ಸೀರೆ ಉಟ್ಟಿದ್ಲು ಅಂತ
ಯಾರಾದ್ರೂ ನೋಡಿದ್ರಾ?’

ಮಕ್ಕಳು ಅ ಆ ಗೀಚಿದ ನೆಲದ ಮೇಲೆ
ಪಟ್ಟಿ ಬಿಡಿಸಿ ಕೂತೆವು.
ಮುನ್ನೂರ ಎಂಬತ್ತೆಂಟು: ಕೊಟ್ರಮ್ಮ, ಗಂಡ ಹಾಲಪ್ಪ,
ವಯಸ್ಸು ಅರವತ್ತೇಳು,
ಅಡ್ಡಲಾಗಿ ಮೊಹರು: ಅಳಿಸಲಾಗಿದೆ.
ಆರುನೂರ ಹನ್ನೆರಡು: ಕೊಟ್ರಮ್ಮ, ಗಂಡ ಸಿದ್ದಲಿಂಗಪ್ಪ,
ವಯಸ್ಸು ಐವತ್ತನಾಲ್ಕು.
ಪಟ ಮಾಡಿದವರು ಚೊಕ್ಕವಾಗಿ
ಗಂಡನನ್ನೂ ವಯಸ್ಸನ್ನೂ ಕತ್ತರಿಸಿ
ಬರೀ ಹೆಸರು ಉಳಿಸಿದ್ದರು.
ನಾಗವೇಣಿ ಮೊಹರಿನ ಮೇಲೆ ಬೆರಳಾಡಿಸಿದಳು.
‘ಅಳಿಸಿದ್ರೂ ಓದಕ್ಕೆ ಬರ್ತದೆ ಅಲ್ವಾ.’
ನಾನು ಹೂಂ ಅಂದೆ. ಬೇರೇನು ಅನ್ನಲಿ.

ರೈಲ್ವೆ ಗೇಟು ಬಿದ್ದಿತ್ತು. ಅದು ಬೀಳದೆ ಇದ್ದದ್ದು ಯಾವಾಗ.
ಗೇಟಿನ ಬದಿಗೆ ಎಣ್ಣೆ ಕಾಯಿಸುತ್ತಾ
ಆರುನೂರ ಹನ್ನೆರಡು ಕೂತಿದ್ದಳು.
‘ನಾನೇ ಕಣ್ರವ್ವಾ ಆ ಹೆಣ,
ಮಿರ್ಚಿ ಬಿಸಿ ಐತೆ, ತಿನ್ನಿ.’
ಕಡಲೆಹಿಟ್ಟು ಮೆತ್ತಿದ ಎಡಗೈ ಎತ್ತಿ
ತೋರುಬೆರಳು ನೆಟ್ಟಗೆ ಮಾಡಿದಳು.
ಉಗುರ ಬುಡದಲ್ಲಿ ಶಾಯಿ ಇನ್ನೂ ನೇರಳೆ.
ಆ ಬೆರಳು ಹಿಡಿದ ನಾಗವೇಣಿ
ಗೂಡ್ಸು ಗಾಡಿ ಪೂರ್ತಿ ಹೋಗುವ ತನಕ
ಬಿಡಲಿಲ್ಲ.

ರಾತ್ರಿ ಪರಮೇಶಿಗೆ ಎರಡೂ ಪುಟ ಕಳಿಸಿದೆ.
ಎರಡು ನೀಲಿ ಗೀಟು ಬಿದ್ದವು, ಮಾತು ಬರಲಿಲ್ಲ.
ಬೆಳಿಗ್ಗೆ ಪಾತ್ರೆ ಹಿಡಿದು ಹೋದರೆ
‘ಬಿಡ್ರಿ ಟೀಚರ್, ಇಲ್ಲಿ ಆಗಿಲ್ಲ ಅಂದ್ರೆ
ಬೇರೆ ಎಲ್ಲೋ ಆಗಿರ್ತದೆ’ ಅಂದ.
ಹಾಲು ಮಾತ್ರ
ಬಗ್ಗಿ, ಕಣ್ಣು ಕಿರಿದು ಮಾಡಿ,
ಗೆರೆಗೆ ಸರಿಯಾಗಿ ಅಳೆದು ಹೊಯ್ದ.