ಹನ್ನೊಂದನೇ ಕಂಬ

ಕೊಪ್ಪಿಕರ ರೋಡಿನಾಗ
ಕೆಳಗ ಸೈಕಲ್ ಅಂಗಡಿ, ಮ್ಯಾಲೆ ನಾವು:
ಯಾವಗಲ್ ಮತ್ತು ನದಾಫ್, ಆರ್ಕಿಟೆಕ್ಟ್ಸ್.
ಬೋರ್ಡಿನ ಮ್ಯಾಲೆ ಎರಡು ಹೆಸರು, ಒಳಗ ಏಳು ಮಂದಿ.
ನಾನು ಟ್ರೇಸರ್, ಪ್ರಮೀಳಾ ಹೊಂಬಳ.
ತಿಂಗಳಿಗೆ ನೂರಾ ನಲವತ್ತು ರೂಪಾಯಿ,
ಅಮೋನಿಯಾದ ಘಾಟು ಪುಕ್ಕಟೆ.

ಯಾವಗಲ್ ಸಾಹೇಬ್ರು ಪೆನ್ಸಿಲ್ಲಿನಾಗ ಕನಸು ಎಳೀತಿದ್ರು,
ನದಾಫ್ ಸಾಹೇಬ್ರು ಆ ಕನಸಿಗೆ ಕಬ್ಬಿಣದ ಲೆಕ್ಕಾ ಹಾಕ್ತಿದ್ರು.
ನಾನು ಎರಡರ ಮ್ಯಾಲೂ ಟ್ರೇಸಿಂಗ್ ಹಾಳಿ ಹಾಸಿ
ಕರೀ ಶಾಯಿಲೆ ಮತ್ತೊಮ್ಮೆ ಹಾಯ್ತಿದ್ದೆ,
ಉಸರು ಬಿಗಿಹಿಡದು.
ತಪ್ಪಿದ್ರ ಬ್ಲೇಡಿಲೆ ಕೆರಿಯೂದು,
ಕೆರದಲ್ಲಿ ಉಗರಿಲೆ ತಿಕ್ಕೂದು.
ತಪ್ಪು ಹೋಗತಿತ್ತು. ಬೆಳಕಿಗೆ ಹಿಡದ್ರ ಮಾತ್ರ
ಅಲ್ಲೊಂದು ಮಸಕು.

ಈ ಊರಿನ ಮಂದಿ ಇವತ್ತಿಗೂ ನನ್ನ ಗೆರಿಯೊಳಗ ಅಡ್ಡಾಡತಾರ.
ಕೇಶ್ವಾಪುರದ ಹೆರಿಗಿ ದವಾಖಾನಿ ಇಳಿಜಾರು,
ಬಸುರಿಯಂಗ ಮುಂದ ಬಂದ ಟಾಕೀಸಿನ ಬಾಲ್ಕನಿ,
ಮಳಿ ಬಂದ್ರ ಸೋರೂ ವಕೀಲರ ಸಭಾಗೃಹ
(ಅದು ನಂದಲ್ಲ, ಯಾವಗಲ್ ಸಾಹೇಬ್ರದು).

ಎಪ್ಪತ್ತಮೂರರ ಮೇ ತಿಂಗಳು.
ಗದಗಿನ ಹತ್ತಿ ವರ್ತಕರ ಬ್ಯಾಂಕು, ನೆಲಮಾಳಿಗಿ ಅಲ್ಲ, ನೆಲದ ನಕ್ಷಾ.
ಹತ್ತು ಕಂಬ. ಹತ್ತೂ ತುಂಬಿದ್ದೆ.
ಒಂದು ನೊಣ ಬಂದು
ಹಸೀ ಶಾಯಿ ತುಳದು ಹಾಲಿನ ನಡುವ ಕುಂತಿತು.
ಸೆಟ್‌ಸ್ಕ್ವೇರಿಲೆ ಹೊಡದೆ.
ಸತ್ತಿತು. ಕಲಿ ಉಳೀತು.

ಸಂಜಿ ಆರು. ಆರೂ ಹತ್ತಕ್ಕ ಧಾರವಾಡದ ಬಸ್ಸು.
ಬ್ಲೇಡು ಮೊಂಡಾಗಿತ್ತು.
ಹಿಂಗಾಗಿ ಆ ಕಲಿಗೆ ನಾಲ್ಕು ಮೂಲಿ ಕೊಟ್ಟೆ,
ನೀಟಾಗಿ, ಹನ್ನೆರಡು ಇಂಚು ಚೌಕ.
ನದಾಫ್ ಸಾಹೇಬ್ರು ಮಗಳ ಲಗ್ನಕ್ಕ ಹೋಗಿದ್ರು.
ಯಾವಗಲ್ ಸಾಹೇಬ್ರು ಚಹಾ ಕುಡಕೋತ ಸಹಿ ಮಾಡಿದ್ರು.

ಮೇಸ್ತ್ರಿ ಹುಸೇನಸಾಬಗ ಅನುಮಾನ ಬಂದಿತ್ತಂತ.
ಆದ್ರೂ ಕಾಗದದಾಗ ಐತಿ ಅಂದ್ರ ಮುಗೀತು,
ಕಟ್ಟಿದ.

ಉದ್ಘಾಟನಿ ದಿವಸ ಅಧ್ಯಕ್ಷರು ಅಂದ್ರು,
ನಡುವಿನ ಆ ಕಂಬದಿಂದ ಹಾಲಿಗೊಂದು ಗತ್ತು ಬಂದೈತಿ.
ಚಪ್ಪಾಳಿ.
ನದಾಫ್ ಸಾಹೇಬ್ರು ಬಟ್ಟಿಲೆ ಎಣಿಸಿದ್ರು, ಮತ್ತೊಮ್ಮೆ ಎಣಿಸಿದ್ರು,
ಚಾಳೀಸಿನ ಮ್ಯಾಲಿಂದ ನನ್ನ ನೋಡಿದ್ರು.
ಬೈಲಿಲ್ಲ.
ಹುಸೇನಸಾಬನ್ನ ಬಾಜೂಕ ಕರದು ಕೇಳಿದ್ರು:
ನಾ ಇದಕ್ಕ ಕಬ್ಬಿಣನ ಬರದಿಲ್ಲಲೋ, ಏನ ಹಾಕಿದಿ ಒಳಗ?
"ಉಳದದ್ದು ಹಾಕೀನ್ರಿ."
ಸ್ಟೇಶನ್ನಿನಾಗ ಎಲ್ಲಾರಿಗೂ ಗಿರಮಿಟ್ ಕೊಡಿಸಿದ್ರು,
ನನಗ ಒಂದು ಮೆಣಸಿನಕಾಯಿ ಭಜಿ ಜಾಸ್ತಿ.
ಅದು ಶಿಕ್ಷೆಯೋ ಏನೋ, ಇನ್ನೂ ತಿಳದಿಲ್ಲ.

ಆಮ್ಯಾಲೆ ಆ ಕಂಬಕ್ಕ ಏನೇನು ಬಂತು:
ಕ್ಯಾಲೆಂಡರ್, ದಾರ ಕಟ್ಟಿದ ಪೆನ್ನು,
ಎಲಿ ಹಾಕಿದವರು ಒರಸಿದ ಸುಣ್ಣದ ಬಟ್ಟು,
ಅಡತಿ ಹಮಾಲರ ಬೆನ್ನಿನ ಎಣ್ಣಿ.
ಏನೂ ಹೊರದ ಕಂಬಕ್ಕ ಎಲ್ಲಾರೂ ಆನತಿದ್ರು.

ನಮ್ಮ ಆಫೀಸಿಗೆ ಕಂಪ್ಯೂಟರ್ ಬರೂ ಮೊದಲ ಬೀಗ ಬಂತು.
ಯಾವಗಲ್ ಸಾಹೇಬ್ರು ಹೋದ್ರು.
ನದಾಫ್ ಸಾಹೇಬ್ರ ಮಗ ಟೈಲ್ಸ್ ಮಾರತಾನ.
ಟ್ರೇಸಿಂಗ್ ಹಾಳಿ ರದ್ದಿಗೆ ಹೋಗೂದಿಲ್ಲ, ಗೊತ್ತೇನು?
ತೊಳದು ಒಣಗಿಸಿದ್ರ ಒಳ್ಳೆ ಅರಿವಿ. ನನ್ನ ಕುಂಚಿಗಿ ಅಂಚಿನಾಗ
ಯಾವುದೋ ಮನಿಯ ಪಾವಟಿಗಿ ಇತ್ತು.

ಹ್ವಾದ ವಾರ ಠೇವಣಿ ತಿರಿಗಿ ಇಡಾಕ ಗದಗಿಗೆ ಹೋಗಿದ್ದೆ.
ಹೆಲ್ಮೆಟ್ಟಿನ ಹುಡುಗಿಯೊಬ್ಬಾಕಿ
ಕಂಬಕ್ಕ ಸುತ್ತಿಗಿ ತಟ್ಟಿ ಕಿವಿಗೊಟ್ಟಿದ್ಲು.
ಅಮ್ಮಾರ, ಅದಕ್ಕ ಆನಬ್ಯಾಡ್ರಿ, ಅಂದ್ಲು.
ತೊಲಿ ಸೀಳಿ ಎಷ್ಟೋ ವರ್ಷ ಆಗೇತಿ,
ಛತ್ತು ಇದರ ಮ್ಯಾಲೆನ ಕುಂತೈತಿ.
ಯಾರೋ ಶಾಣ್ಯಾ ಮನಷ್ಯಾ ಮುಂದಿಂದು ನೋಡಿ ಇಟ್ಟಾನ.
ನಕ್ಷಾ ಸಿಗವಲ್ಲದು, ಹೆಸರು ತಿಳೀವಲ್ಲದು.

ನಾಲಿಗಿ ತುದಿಗೆ ಬಂದಿತ್ತು.
ಶಾಣ್ಯಾ ಮನಷ್ಯಾಗ ಆರು ಕಾಲು ಇದ್ದುವು, ಎರಡು ರೆಕ್ಕಿ,
ಅಂತ ಹೆಂಗ ಹೇಳಲಿ?

ಆಕಿ ಅತ್ತ ಹೊಳ್ಳಿದಾಗ ಅಂಗೈ ಇಟ್ಟೆ.
ತಣ್ಣಗಿತ್ತು. ಒಳಗ ಹುಸೇನಸಾಬನ ಉಳದ ಕಬ್ಬಿಣ
ಹಲ್ಲು ಕಚ್ಚಿ ನಿಂತಂಗಿತ್ತು.

ಟೋಕನ್ ಕೂಗಿದ್ರು. ಹೋದೆ.