ತ್ರೀ ಫೇಸ್

ನಮ್ಮ ಬೀದಿಯ ಸಂಗೀತ ಹಬ್ಬಕ್ಕೆ ಕರೆಂಟು ಕೊಟ್ಟವಳು ನಾನು.
ಪಟ್ಟಿಯಲ್ಲಿ ಹೆಸರಿಲ್ಲ, ಇರಲಿ.
ವಿರಾಜಪೇಟೆಯ ಈ ತುದಿಯಲ್ಲಿ
ತ್ರೀ ಫೇಸ್ ಇರುವುದು ನನ್ನ ಗಿರಣಿಗೆ ಮಾತ್ರ:
ಬೆಳಿಗ್ಗೆ ಕಾಫಿಬೀಜ, ಹೊತ್ತೇರಿದ ಮೇಲೆ
ಕಡಂಬುಟ್ಟಿನ ಅಕ್ಕಿತರಿ,
ಯಾರದಾದರೂ ಮದುವೆಯೆಂದರೆ ಮೂಟೆಗಟ್ಟಲೆ ಒಣಮೆಣಸು.

"ಮಾಚಕ್ಕ, ಒಂದೇ ಒಂದು ಭಾನುವಾರ ಗಿರಣಿ ನಿಲ್ಲಿಸ್ತೀರಾ?"
ಕೇಳಿದ್ದು ಸಿಪ್ರಿಯನ್ ಮೇಸ್ತ್ರಿಯ ಮಗಳು ಫ್ಲೋರಿನ್,
ಹುಡುಗರ ಹಾಗೆ ಕೂದಲು ಕತ್ತರಿಸಿಕೊಂಡವಳು,
ಗಿಟಾರನ್ನು ಕೂಸಿನಂತೆ ಬೆನ್ನಿಗೆ ಕಟ್ಟಿಕೊಂಡವಳು.
ನಿಲ್ಲಿಸಿದೆ.
ಇಪ್ಪತ್ತಾರು ವರ್ಷದಲ್ಲಿ ಇದು ಎರಡನೆಯ ಸಲ.
ಮೊದಲನೆಯದರ ಮಾತು ಈಗ ಬೇಡ.

ಹತ್ತು ಗಂಟೆಗೆ ವೈರು ಎಳೆದರು.
ಗೋಡೆಯಲ್ಲಿ ಉಳಿದಿದ್ದ ಮೆಣಸಿನ ಘಾಟಿಗೆ
ಸೌಂಡಿನ ಹುಡುಗ ಹದಿನಾಲ್ಕು ಸಲ ಸೀನಿದ.
ಮೈಕು ಆನ್ ಇತ್ತು.
ಹಬ್ಬದ ಮೊದಲ ಕಛೇರಿ ಅದೇ,
ಬೀದಿ ಚಪ್ಪಾಳೆ ತಟ್ಟಿತು.

"ಮೇನ್ ಸ್ವಿಚ್ಚು ಬಿಟ್ಟು ಏಳಬೇಡಿ ಮಾಚಕ್ಕ,
ಫ್ಯೂಸು ಹೋದರೆ ಹಾಕುವವರಿಲ್ಲ."
ಹಾಗಾಗಿ ಹಬ್ಬವನ್ನು ನಾನು ನೋಡಿದ್ದು
ಗೋಡೆಯ ನಲವತ್ತು ಕ್ಯಾಂಡಲ್ ಬಲ್ಬಿನಲ್ಲಿ.

ಬೇಸ್ ಗಿಟಾರಿನವನು ತಂತಿ ಒತ್ತಿದಾಗಲೆಲ್ಲ
ಬಲ್ಬು ಕಣ್ಣು ಕಿರಿದು ಮಾಡುತ್ತದೆ.
ಕೀಬೋರ್ಡು ಪಾಪ, ಸಾಧು.
ಮಸೀದಿ ಬೀದಿಯ ಹುಡುಗರು ದಫ್ ಹಿಡಿದು ಕೂತಾಗ
ಹನ್ನೆರಡು ಮೈಕು, ಹಳೇ ಮೀಟರಿನ ಚಕ್ರ
ತನ್ನ ಕೆಂಪು ಗುರುತು ಕಣ್ಣಿಗೆ ಸಿಗದ ಹಾಗೆ ತಿರುಗಿತು.
ಆಮೇಲೆ ತೋಟದ ಲೈನಿನ ಶೆಂಬಗಂ
ತಾಯಿಯ ಲಾಲಿಯೊಂದನ್ನು ಹಾಡಿದಳಂತೆ.
ಬಲ್ಬು ಮಿಸುಕಲಿಲ್ಲ.
ಮುಗಿಯಿತೋ ಇಲ್ಲವೋ ತಿಳಿಯದೆ
ಜನ ಚಪ್ಪಾಳೆಗೆ ತಡ ಮಾಡಿದರು, ಅಷ್ಟು ನನಗೆ ಗೊತ್ತಾಯಿತು.

ನನ್ನ ಕಿವಿ ಅರ್ಧ ಗಿರಣಿಗೆ ಸಂದಿದೆ.
ಬೆಲ್ಟು ಸಡಿಲವಾದರೆ ತಿಳಿಯುತ್ತದೆ,
ಕಲ್ಲು ಬೋಳಾದರೆ ತಿಳಿಯುತ್ತದೆ,
ಮನುಷ್ಯರ ಮಾತಿಗೆ ತುಟಿ ನೋಡಬೇಕು.
ರಾಗಕ್ಕೆ ತುಟಿ ಎಲ್ಲಿರುತ್ತದೆ?

ಮಧ್ಯಾಹ್ನ ಮೊಯ್ದುವಿನ ಹೋಟೆಲಿನಿಂದ ಪೊಟ್ಟಣ ಬಂತು,
ನೂಲ್‌ಪುಟ್ಟು, ಕೋಳಿಸಾರು.
ತಂದ ಮಗುವಿನ ಕೆನ್ನೆಯಲ್ಲಿ ಹಸಿರು ಚಿಟ್ಟೆ ಬಣ್ಣ,
ಎದೆಗೆ 'ಸ್ವಯಂಸೇವಕ' ಎಂಬ ಬಿಲ್ಲೆ.
"ಹೇಗಿದೆ ಹೊರಗೆ?" ಅಂದೆ.
"ಜೋರು" ಅಂದ, ಓಡಿದ.

ಐದಕ್ಕೆ ಹತ್ತು ನಿಮಿಷ. ಕರೆಂಟು ಹೋಯಿತು.
ಫ್ಯೂಸು ಬಿಚ್ಚಿ ನೋಡಿದೆ: ಸರಿಯಾಗಿದೆ. ತಪ್ಪು ನನ್ನದಲ್ಲ,
ಹೋದದ್ದು ಇಡೀ ಊರಿನದು.
ಬೀದಿಯ 'ಅಯ್ಯೋ' ನನಗೂ ಕೇಳುವಷ್ಟು ದೊಡ್ಡದಿತ್ತು.

ಆಮೇಲೆ ಏನೋ ನೆಲದಿಂದ ಹತ್ತಿತು.
ಸಿಮೆಂಟಿನಿಂದ ಕುರ್ಚಿಕಾಲಿಗೆ, ಅಲ್ಲಿಂದ ಮಂಡಿಗೆ.
ಮೋಟಾರು ತಾನಾಗಿ ಶುರುವಾಯಿತೆಂದು
ಎದ್ದು ಅದರ ಮೇಲೆ ಕೈಯಿಟ್ಟೆ.
ತಣ್ಣಗೆ ಮಲಗಿತ್ತು.

ಮೇದರ ಚಾಮಿಯ ಪರೆ.
ಪಟ್ಟಿಯಲ್ಲಿ ಅವನದು ಕೊನೆಗೆ, ಏಳೂವರೆಗೆ ಅಂತಿತ್ತು.
ಅವನೇನು ನಮ್ಮ ಲೈನ್‌ಮ್ಯಾನಿಗೆ ಕಾಯುವವನೇ!

ಮೇನ್ ಸ್ವಿಚ್ಚು ಕೆಳಗಿಳಿಸಿ
ಹಿಟ್ಟಿನ ಸೀರೆಯಲ್ಲೇ ಹೊರಗೆ ಬಂದೆ.
ಬೆಳಗಿನಿಂದ ಬಲ್ಬಿನಲ್ಲಿ ಕಂಡವರಿಗೆಲ್ಲ ಮುಖ ಬಂದಿತ್ತು.
ಮೈಕಿಲ್ಲದ್ದಕ್ಕೆ ಜನ ಕುರ್ಚಿಗಳನ್ನು ಬಿಟ್ಟು
ಚಾಮಿಯ ಸುತ್ತ ಒತ್ತಿಕೊಂಡಿದ್ದರು;
ದುಡಿ ಹಿಡಿದ ಇಬ್ಬರು ಹಿರಿಯರು, ದಫ್ ಹುಡುಗರು,
ಫ್ಲೋರಿನ್ ತನ್ನ ಗಿಟಾರಿನ ಮರದ ಹೊಟ್ಟೆಯನ್ನೇ ಬಡಿಯುತ್ತ.
ಶೆಂಬಗಂ ಸರಿದು ಜಾಗ ಕೊಟ್ಟಳು.
ನಾನು ಚರಂಡಿಯ ಕಲ್ಲಿನ ಮೇಲೆ ಚಪ್ಪಲಿ ಬಿಟ್ಟು
ಬರಿಗಾಲಲ್ಲಿ ನಿಂತೆ.
ಅಂಗಾಲಿಗೆ ಕಿವುಡಿಲ್ಲ.

ಏಳರ ಹೊತ್ತಿಗೆ ಊರಿಡೀ ದೀಪ ಹತ್ತಿತು.
ನಮ್ಮ ಸ್ಪೀಕರುಗಳು ಮಾತ್ರ ಸುಮ್ಮನೆ.
ಪರೆಯ ಆಚೆಯಿಂದ ಫ್ಲೋರಿನ್ ನನ್ನನ್ನು ಹುಡುಕಿದಳು,
"ಮಾಚಕ್ಕ, ಸ್ವಿಚ್ಚು!"
ತುಟಿ ಸ್ಪಷ್ಟವಾಗಿ ಕಂಡಿತು.

ಕೇಳಿಸಲಿಲ್ಲ ಎಂದು
ಕಿವಿ ತೋರಿಸಿ ಅಲ್ಲೇ ನಿಂತೆ.