ಗಾಳಿಯ ಪಾಳಿ

ರಾತ್ರಿ ಹತ್ತಕ್ಕೆ ಏಣಿ ಹತ್ತಿ
ತಾರಸಿಯ ಮೇಲಿನ ಯಂತ್ರದ ಬಾಯಿಗೆ
ಒಂದು ಬಿಳಿ ಕಾಗದ ಇಡುತ್ತೇನೆ.
ಬೆಳಿಗ್ಗೆ ಹತ್ತಕ್ಕೆ ತೆಗೆದು ಇನ್ನೊಂದು.
ಇಷ್ಟೇ ನನ್ನ ನೌಕರಿ. ರಾತ್ರಿಯದು, ಹಗಲಿನದು
ಎರಡನ್ನೂ ತೂಗಿ ಬರೆಯಬೇಕು:
ತಾರೀಕು, ತೂಕ, ಗಾಳಿ ಬಂದ ದಿಕ್ಕು.

ಬೈತಖೋಲದಲ್ಲಿ ಮೀನು ಒಣಗಿಸುವ ಆಯಿಗೆ ಯಂತ್ರ ಬೇಡ.
ಬಂಗಡೆಯ ಬೆನ್ನ ಮೇಲೆ ತೋರುಬೆರಳು ಎಳೆದು
ನನ್ನ ಮೂಗಿನ ಹತ್ತಿರ ಹಿಡಿಯುತ್ತಾಳೆ:
"ನೋಡು, ಎಷ್ಟು ಗ್ರಾಂ?"

ಅಜ್ಜ ವಿಠೋಬ ತಾಂಡೇಲನ ದೋಣಿಗೆ ಎಂಜಿನ್ ಇರಲಿಲ್ಲ.
ನಡುರಾತ್ರಿ ಗುಡ್ಡ ತಣ್ಣಗಾಗಿ ಮೂಡುಗಾಳಿ ಇಳಿದಾಗ
ಹಾಯಿ ಬಿಚ್ಚುತ್ತಿದ್ದ.
ದೀಪದ ದ್ವೀಪ ಹಿಂದೆ ಬಿಟ್ಟು, ಬಲೆ ಹಾಕಿ, ಬೀಡಿ ಹಚ್ಚಿ ಕಾಯುತ್ತಿದ್ದ.
ಹೊತ್ತೇರಿ ಮರಳು ಕಾದು ಪಡುಗಾಳಿ ತಿರುಗಿದರೆ
ಅದೇ ಹಾಯಿ, ಅದೇ ದೋಣಿ, ಮನೆಗೆ.
ಹೋಗುವುದಕ್ಕೊಂದು, ಬರುವುದಕ್ಕೊಂದು,
ಗಾಳಿ ಯಾರನ್ನೂ ನಡುನೀರಲ್ಲಿ ಬಿಡುವುದಿಲ್ಲ ಅನ್ನುತ್ತಿದ್ದ.
ಬಿಟ್ಟ ದಿನವೂ ಇತ್ತು. ಅದು ಬೇರೆ ಕತೆ.

ಈಗ ಆ ಹೊತ್ತಿಗೆ ಹೊರಡುವುದು ಹೊಗೆ.
ಹೆದ್ದಾರಿಯ ಲಾರಿಗಳದ್ದು, ಡಾಂಬರು ಕುದಿಸುವ ಹಂಡೆಯದ್ದು,
ಯಾರೂ ಹಚ್ಚದೆ ತಾನಾಗಿ ಹತ್ತಿಕೊಂಡಿತೆನ್ನುವ
ಕಸದ ಗುಂಡಿಯದ್ದು.
ಮೂಡುಗಾಳಿ ಟಿಕೆಟು ಕೇಳುವುದಿಲ್ಲ,
ಬಂದವರನ್ನೆಲ್ಲ ಹತ್ತಿಸಿಕೊಂಡು ಕಡಲಿಗೆ ಒಯ್ಯುತ್ತದೆ.
ನಸುಕಿನಲ್ಲಿ ಊರು ತೊಳೆದಿಟ್ಟ ಬಟ್ಟಲು.
ದಂಡೆಯಲ್ಲಿ ಕೈ ಬೀಸಿ ನಡೆಯುವ ನಿವೃತ್ತರು
ಉಸಿರೆಳೆದು ಅನ್ನುತ್ತಾರೆ, ಆಹಾ, ಎಂಥ ಹವಾ!

ಹನ್ನೊಂದರ ಮೇಲೆ ನೋಡಬೇಕು.
ಹಾಯಿಯಿಲ್ಲದ ಆ ದೋಣಿ ವಾಪಸು ಬರುತ್ತದೆ,
ಉಪ್ಪು ಹತ್ತಿ, ಬಿಸಿಲಿಗೆ ಬೆಂದು, ಗುರುತು ಸಿಗದಂತಾಗಿ.
ಗುಡ್ಡ ಕಡಲಿಗೆ ಕಾಲು ಇಳಿಬಿಟ್ಟು ಕೂತ ಊರು ನಮ್ಮದು.
ಮುಂದೆ ಹೋಗೋಣವೆಂದರೆ ದಾರಿಯಿಲ್ಲ.
ಕಲ್ಲಿಗೆ ಹಣೆ ತಾಗಿಸಿ ಅಲ್ಲೇ ಇಳಿಯುತ್ತದೆ:
ಹಂಚು, ತುಳಸಿ, ಶಾಲೆಯ ಮಕ್ಕಳ ಬಿಳಿ ಅಂಗಿ,
ಆಯಿಯ ಬಂಗಡೆ.

ಮಾಗಿಯಲ್ಲಿ ಗಾಳಿಗೇ ರಜೆ.
ಕಾಳಿಯ ಅಳಿವೆಯ ಮೇಲೆ ಹೊಗೆ ಹಾಸಿಗೆ ಹಾಸಿ
ಎಂಟರವರೆಗೂ ಏಳುವುದಿಲ್ಲ.
ಮಿರಗ ಹಿಡಿದರೆ ನನಗೆ ರಜೆ.
ಕಾಗದ ಒದ್ದೆ, ಬಿಳಿ, ನಾಲಿಗೆಗೆ ಉಪ್ಪುಪ್ಪು.
(ನಾಲಿಗೆಗೆ ಹಚ್ಚಬಾರದು. ಹಚ್ಚಿದ್ದೇನೆ.)

ಕಾರ್ತಿಕದಲ್ಲಿ ಒಂದು ಹಗಲಿನ ಕಾಗದ
ಕಾವಲಿಯ ತಳದಂತೆ ಬಂತು.
ಮರುದಿನ ಸಾಹೇಬರ ಫೋನು: ದಿಕ್ಕು ಯಾವುದು?
ಪಡುವಣ, ಸರ್.
ಪಡುವಣಕ್ಕೆ ಏನಿದೆ?
ನೀರು, ಸರ್. ನೀರು ಮುಗಿದ ಮೇಲೆ ಅರಬಸ್ತಾನ.
ಸ್ವಲ್ಪ ಹೊತ್ತು ಸುಮ್ಮನಿದ್ದು
"ಮೂಲ: ಸಮುದ್ರ ಅಂತ ಬರಿ" ಅಂದರು.
ಬರೆದೆ.
ಒಲೆಯಿಲ್ಲದ, ಚಿಮಣಿಯಿಲ್ಲದ ಸಮುದ್ರದ ತಲೆಗೆ
ನೂರಿಪ್ಪತ್ತು ಮಿಲಿಗ್ರಾಂ ಕಟ್ಟಿದೆ.

ಸಂಜೆ ಊಟಕ್ಕೆ ಕೂತಾಗ ಹೇಳಿದರೆ
ಆಯಿ ಕೆಮ್ಮು ಬರುವಷ್ಟು ನಕ್ಕಳು.
ಆಮೇಲೆ, "ಉಪ್ಪಿನ ಪಾಲು ಕಳೆದೆಯಾ?"
ತಕ್ಕಡಿಗೆ ಉಪ್ಪೂ ಒಂದೇ ಮಸಿಯೂ ಒಂದೇ ಅಂದೆ.
"ಹಾಗಿದ್ದರೆ ಇದನ್ನೂ ಸೇರಿಸಿಕೋ" ಎಂದು
ಹಿತ್ತಲ ಕಡೆ ಗದ್ದ ತಿರುಗಿಸಿದಳು.
ಮೊನ್ನೆ ರಾತ್ರಿ ಅವಳೇ ಸುಟ್ಟ ಹರಕು ನೈಲಾನ್ ಬಲೆ,
ಒಡೆದ ಥರ್ಮಾಕೋಲ್ ಪೆಟ್ಟಿಗೆ
ಕರಗಿ, ಮರಳಿಗೆ ಅಂಟಿ, ಕರಿಗಾಜಿನಂತೆ ಹೊಳೆಯುತ್ತಿತ್ತು.
"ಮೂಡುಗಾಳಿ ಇತ್ತು.
ಹೋಯಿತು ಅಂದುಕೊಂಡೆ."

ಮೂಡು ನಿಂತು ಪಡು ಹುಟ್ಟುವ ನಡುವೆ
ಅರೆಗಳಿಗೆ ಒಂದು ಎಲೆಯೂ ಅಲುಗುವುದಿಲ್ಲ.
ಗಾಳಿ ಬಲೆ ಎಣಿಸುತ್ತಿದೆ ಅನ್ನುತ್ತಿದ್ದ ಅಜ್ಜ.
ಬೆಳಿಗ್ಗೆ ಹತ್ತು. ನನ್ನ ಕೈಯಲ್ಲಿ ಹೊಸ ಕಾಗದ.
ದೂರ ಬೈತಖೋಲದ ಮರಳಲ್ಲಿ
ಒಂದು ಚುಕ್ಕೆ ಬಾಗುತ್ತಿದೆ, ಏಳುತ್ತಿದೆ,
ಆಯಿ ಇರಬಹುದು, ಮೀನು ಮಗುಚುತ್ತಿರಬಹುದು.
ದಿಕ್ಕಿನ ಮುಳ್ಳು ಎತ್ತಲೂ ತೋರಿಸದೆ ನಡುಗುತ್ತಿದೆ.
ಪೆನ್ನಿನ ಮುಚ್ಚಳ ತೆಗೆದು ನಿಂತಿದ್ದೇನೆ.